ಕುಬಸಕ್ಕೆ ಬಂದ ಸಾಹೇಬರು

ನನ್ನ ಬಲಭುಜ ಕೆಲವು ವರ್ಷಗಳ ಮಟ್ಟಿಗೆ ನನ್ನದಾಗಿರಲಿಲ್ಲ, ಸಾಹೇಬರದಾಗಿತ್ತು.

ಹುಬ್ಬಳ್ಳಿಯ ಗೋಪನಕೊಪ್ಪದ ನಮ್ಮ ಓಣಿಯಲ್ಲಿ ಗಟಾರದ ಉದ್ಘಾಟನೆ ಇತ್ತು. ನಮ್ಮ ಭಾಗದ ಲೀಡರಾದ ಸಾಹೇಬರು ರಿಬ್ಬನ್ ಕತ್ತರಿಸಿ ತಿರುಗಿದವರು, ಗುಂಪಿನ ಮುಂದೆ ನಿಂತಿದ್ದ ನನ್ನ ಭುಜದ ಮೇಲೆ ಕೈಯಿಟ್ಟು, "ಆರಾಮ ಇದ್ದೀರೇನ್ರಿ?" ಎಂದು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಮುಂದೆ ಹೋಗಿದ್ದರು. ಅವರಿಗೆ ಉತ್ತರ ಬೇಕಿರಲಿಲ್ಲ ಎಂಬುದು ಈಗ ಹೊಳೆಯುತ್ತದೆ. ಆಗ ಮಾತ್ರ, ಇಷ್ಟು ದೊಡ್ಡ ಮನುಷ್ಯ ನನ್ನ ಆರೋಗ್ಯದ ಚಿಂತೆ ಹಚ್ಚಿಕೊಂಡಿದ್ದಾರಲ್ಲ ಎಂದು ಕಣ್ಣು ತುಂಬಿ ಬಂದಿತ್ತು. ಆ ಅಂಗಿಯನ್ನು ಒಗೆಯಲು ಹೆಂಡತಿಗೆ ಕೊಡಲಿಲ್ಲ. ಬೇಸಿಗೆಯ ದಿನಗಳು. ಕೊನೆಗೆ ಅವಳೇ ಕೋಲಿನಿಂದ ಎತ್ತಿಕೊಂಡು ಹೋಗಿ ನೀರಿಗೆ ಹಾಕಿದಳು.

ಯಾರೋ ಮೊಬೈಲಿನಲ್ಲಿ ಫೋಟೋ ಹೊಡೆದಿದ್ದರು. ಅದರಲ್ಲಿ ನಾನು ಸಾಹೇಬರನ್ನು ನೋಡುತ್ತಿದ್ದೇನೆ, ಸಾಹೇಬರು ಕ್ಯಾಮೆರಾ ನೋಡುತ್ತಿದ್ದಾರೆ. ಅದನ್ನು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ನಡುಮನೆಯ ಗೋಡೆಗೆ ತೂಗುಹಾಕಿದೆ. ಅಲ್ಲಿ ಇದ್ದದ್ದು ಒಂದೇ ಮೊಳೆ, ಅದರಲ್ಲಿ ನಮ್ಮ ಅಪ್ಪ ಅವ್ವನ ಫೋಟೋ ಇತ್ತು. ಅವರನ್ನು ತೆಗೆದು ಫ್ರಿಜ್ಜಿನ ಮೇಲೆ ಗೋಡೆಗೆ ಆನಿಸಿ ಇಟ್ಟೆ. ಅವರು ಏನೂ ಅನ್ನಲಿಲ್ಲ. ಬದುಕಿದ್ದಾಗಲೂ ಹಾಗೆಯೇ ಇದ್ದರು.

"ಮದಿವಿ ಆದಾಗಿಂದ ನಾ ದಿನಾ ಕೇಳಾಕತ್ತೇನಿ, ಆರಾಮ ಅದೀರೇನ್ರಿ ಅಂತ" ಎಂದಳು ಹೆಂಡತಿ. "ನನ್ನ ಫೋಟೋ ಯಾವ ಗ್ವಾಡಿಗೆ ಹಾಕ್ತೀರಿ?"

ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಬಸ್ ಕಂಡಕ್ಟರ್ ಆದವನು. ಬದುಕೆಲ್ಲ "ಮುಂದ ಸರೀರಿ, ಮುಂದ ಸರೀರಿ" ಎಂದು ಕೂಗಿದೆ, ಜನ ಸರಿಯುತ್ತಿದ್ದರು. ನಿವೃತ್ತನಾದ ಮೇಲೆ ಮನೆಯಲ್ಲಿ ನನ್ನ ಮಾತಿಗೆ ಬೆಕ್ಕು ಕೂಡ ಸರಿಯಲಿಲ್ಲ. ಇದನ್ನು ನೆವವೆಂದು ಹೇಳುತ್ತಿಲ್ಲ. ಖಾಲಿ ಕುಳಿತ ಮನುಷ್ಯನ ಭುಜದ ಮೇಲೆ ಯಾರಾದರೂ ಕೈಯಿಟ್ಟರೆ ಅವನು ಎಷ್ಟು ಬೇಗ ಮಾರಾಟವಾಗುತ್ತಾನೆ ಎಂದು ಹೇಳುತ್ತಿದ್ದೇನೆ, ಅಷ್ಟೆ. ಸಾಹೇಬರ ಹುಟ್ಟುಹಬ್ಬಕ್ಕೆ ಅವರ ಕಟೌಟಿಗೆ ಹಾಲು ಸುರಿಯಲು ಓಣಿಯ ಕಮಿಟಿಯ ಹುಡುಗರ ಜೊತೆ ನಾನೂ ಏಣಿ ಹತ್ತಿದೆ. ಮನೆಯಲ್ಲಿ ಆ ದಿನ ಕರಿ ಚಹಾ. ನಮ್ಮ ಓಣಿಯ ತಿರುವಿನಲ್ಲಿ ಎರಡು ಚಹಾದಂಗಡಿಗಳಿದ್ದವು. ಅವುಗಳಲ್ಲಿ ಒಂದು ಸಾಹೇಬರ ಕಡೆಯವರದು, ಇನ್ನೊಂದು ಎದುರು ಪಕ್ಷದ ಧಣಿಗಳ ಕಡೆಯವರದು ಎಂದು ತಾನಾಗಿ ಪಾಲಾಯಿತು. ಎರಡಕ್ಕೂ ಹಾಲು ಹಾಕುವವನು ಒಬ್ಬನೇ. ಆದರೂ ಧಣಿಗಳ ಕಡೆಯ ಚಹಾ ಕುಡಿದರೆ ನನಗೆ ಎದೆ ಉರಿಯುತ್ತಿತ್ತು.

ಈಗ ಬೀಗರ ವಿಷಯ. ನನ್ನ ಒಬ್ಬಳೇ ಮಗಳನ್ನು ಶಿರಗುಪ್ಪಿಗೆ ಕೊಟ್ಟಿದ್ದೇವೆ. ಅವಳ ಮಾವ, ಅಂದರೆ ನನ್ನ ಬೀಗರು, ಉಳ್ಳಾಗಡ್ಡಿ, ಮೆಣಸಿನಕಾಯಿ ಬೆಳೆಯುವ ರೈತರು. ಬಹಳ ಕಾಲ ನನ್ನ ಬಸ್ಸಿನ ಗಿರಾಕಿ. ಚೀಲಕ್ಕೆ ಲಗೇಜ್ ಟಿಕೆಟ್ ತೆಗೆಸುವ ವಿಷಯದಲ್ಲಿ ನಾವು ಜಗಳಾಡುತ್ತಲೇ ಗೆಳೆಯರಾದೆವು, ಗೆಳೆತನದಿಂದಲೇ ಬೀಗತನ ಬೆಳೆಯಿತು. ಸಂಬಂಧ ಮಾಡುವಾಗ ಮನೆತನ ಕೇಳಿದೆವು, ಹೊಲ ಕೇಳಿದೆವು, ಹುಡುಗ ಗುಟಕಾ ತಿನ್ನುತ್ತಾನೋ ಎಂದು ಕೇಳಿದೆವು. ಪಕ್ಷ ಯಾವುದೆಂದು ಇಬ್ಬರೂ ಕೇಳಲಿಲ್ಲ. ಆ ಕಾಲದಲ್ಲಿ ನಾವು ಅಷ್ಟು ಮುಂದುವರಿದಿರಲಿಲ್ಲ.

ಬೀಗರು ಧಣಿಗಳ ಕಡೆಯವರು ಎಂದು ತಿಳಿದದ್ದು ವಾಟ್ಸಾಪಿನಲ್ಲಿ. ಹಬ್ಬದ ಫೋಟೋ ಹಂಚಿಕೊಳ್ಳಲೆಂದು ಮಗಳು ಎರಡೂ ಮನೆಯವರನ್ನು ಸೇರಿಸಿ ಒಂದು ಗುಂಪು ಮಾಡಿದ್ದಳು. ನಾನು ಬೆಳಿಗ್ಗೆ ಎದ್ದವನೇ ಸಾಹೇಬರ ಮುಖವಿದ್ದ ಶುಭೋದಯ ಕಳಿಸುತ್ತಿದ್ದೆ. ಅವರು ಮರುಕ್ಷಣ ಧಣಿಗಳ ತಲೆಯ ಹಿಂದೆ ಸೂರ್ಯ ಹುಟ್ಟುತ್ತಿದ್ದ ಚಿತ್ರ ಹಾಕುತ್ತಿದ್ದರು. ಒಮ್ಮೆ ಅವರ ಹೊಲದ ದಾರಿಯಲ್ಲಿರುವ ಹಳ್ಳಕ್ಕೆ ಸೇತುವೆ ಕಟ್ಟಿಸಿದ್ದು ಯಾರು ಎಂದು ವಾದ ಹತ್ತಿತು. ಸಾಹೇಬರು ಎಂದು ನಾನು, ಧಣಿಗಳು ಎಂದು ಅವರು. ಮಧ್ಯಾಹ್ನದವರೆಗೆ ಬೆರಳು ನೋಯುವಷ್ಟು ಬರೆದೆವು. ಆಮೇಲೆ ಮಗಳು ಒಂದು ಫೋಟೋ ಹಾಕಿದಳು. ಅವಳು ಸೀರೆ ಎತ್ತಿ ಹಿಡಿದು ಮೊಣಕಾಲುದ್ದ ನೀರಿನಲ್ಲಿ ಹಳ್ಳ ದಾಟುತ್ತಿದ್ದಳು. ಸೇತುವೆ ಎಲ್ಲೂ ಕಾಣಲಿಲ್ಲ, ಏಕೆಂದರೆ ಅದನ್ನು ಇನ್ನೂ ಕಟ್ಟಿರಲೇ ಇಲ್ಲ. ನಾವಿಬ್ಬರೂ ಆ ಫೋಟೋಕ್ಕೆ ಹೆಬ್ಬೆರಳು ಎತ್ತಿ, ಕಟ್ಟದೇ ಇದ್ದ ತಪ್ಪು ಯಾರದು ಎಂದು ವಾದ ಮುಂದುವರಿಸಿದೆವು.

ಹೀಗಿರುವಾಗ ಮಗಳು ಬಸುರಾದಳು. ನನ್ನ ಹೆಂಡತಿ ಹಳೆಯ ಸೀರೆಗಳನ್ನು ತೆಗೆದು ಕೂಸಿಗೆಂದು ಕೌದಿ ಹೊಲಿಯಲು ಕುಳಿತಳು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗುವುದು ನಮ್ಮ ಕಡೆಯ ರೂಢಿ. ರೂಢಿಯಷ್ಟೇ ಅಲ್ಲ, ಅಗತ್ಯವೂ ಇತ್ತು. ಬೀಗತಿ ತೀರಿಕೊಂಡಿದ್ದರು. ಆ ಮನೆಯಲ್ಲಿ ನನ್ನ ಮಗಳನ್ನು ಬಿಟ್ಟರೆ ಇದ್ದ ಹೆಂಗಸು ಎಂದರೆ ಬೀಗರ ಸೋದರತ್ತೆ, ಕಣ್ಣು ಮಂಜಾದ ಮುದುಕಿ. ಬಾಣಂತನ ಮಾಡುವವರು ಯಾರು? ಶ್ರಾವಣದಲ್ಲಿ ಶಿರಗುಪ್ಪಿಗೆ ಹೋಗಿ ಕುಬಸದ, ಎಂದರೆ ಸೀಮಂತದ, ಕಾರ್ಯ ಮುಗಿಸುವುದು, ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ, ಉಡಿ ತುಂಬಿ, ಬಸುರಿಯ ಬಯಕೆಯ ಬುತ್ತಿ ಉಣಿಸಿ, ಅದೇ ದಿನ ಮಗಳನ್ನು ಕರೆದುಕೊಂಡು ಬರುವುದು ಎಂದು ನಿಶ್ಚಯವಾಯಿತು. ಹೆಂಡತಿ ಆ ದಿನವನ್ನೇ ನೆನೆಯುತ್ತ ಸೂಜಿ ಚುಚ್ಚುತ್ತಿದ್ದಳು.

ಕಾರ್ಯಕ್ಕೆ ನನ್ನದೂ ಒಂದು ಕಾಣಿಕೆ ಇರಲೆಂದು ನಾನು ಫ್ಲೆಕ್ಸ್ ಮಾಡಿಸಿದೆ.

ನಗಬೇಡಿ. ನಮ್ಮ ಹುಬ್ಬಳ್ಳಿ-ಧಾರವಾಡದಲ್ಲಿ ಈಗ ಹುಟ್ಟಿದರೂ ಫ್ಲೆಕ್ಸ್, ಸತ್ತರೂ ಫ್ಲೆಕ್ಸ್. ಯಾರ ಫ್ಲೆಕ್ಸ್ ಆದರೂ ಅದರಲ್ಲೊಬ್ಬ ಲೀಡರ್ ಕೈಮುಗಿದು ನಿಂತಿರಬೇಕು. ನನ್ನದರಲ್ಲಿ ಸಾಹೇಬರು ತಲೆಯಿಂದ ಮೊಣಕಾಲಿನವರೆಗೆ ನಿಂತರು. ಕೆಳಗೆ ಕಪ್ಪು ಕನ್ನಡಕದ ಕಮಿಟಿ ಹುಡುಗರು ಸಾಲಾಗಿ, ಬದಿಗೆ ನಾನು. ಮೂಲೆಯಲ್ಲಿ ಒಂದು ಕೆಂಪು ಹೃದಯದ ಚಿತ್ರ, ಅದರೊಳಗೆ ಪೋಸ್ಟಿನ ಸ್ಟಾಂಪಿನಷ್ಟು ಮಗಳು, ಅಳಿಯ. "ಕಾಕಾ, ಮಗಳ ಫೋಟೋ ಸ್ವಲ್ಪ ದೊಡ್ಡದ ಮಾಡ್ಲೇನ್ರಿ?" ಎಂದು ಪ್ರಿಂಟ್ ಹಾಕುವವನು ಕೇಳಿದ. "ಬ್ಯಾಡಪಾ, ಸಾಹೇಬ್ರಿಗೆ ಜಾಗಾ ಕಡಿಮಿ ಬೀಳ್ತೈತಿ" ಎಂದೆ. ಈ ಮಾತನ್ನು ನಾನೇ ಆಡಿದ್ದು, ಬೇರೆ ಯಾರೂ ಅಲ್ಲ.

ಕುಬಸದ ದಿನ ಟೆಂಪೋದಲ್ಲಿ ಹೊರಟೆವು. ಬಿಳಿ ಬಟ್ಟೆ ಮುಚ್ಚಿದ ಬುತ್ತಿಯ ಬುಟ್ಟಿಗಳು, ಹೆಂಗಸರು, ನನ್ನ ತೊಡೆಯ ಮೇಲೆ ಸುತ್ತಿದ ಫ್ಲೆಕ್ಸ್. ಬುಟ್ಟಿಗಳಲ್ಲಿ ಎಳ್ಳು ಹಚ್ಚಿದ ಸಜ್ಜಿ ಕಟಿರೊಟ್ಟಿ, ಕರಿಗಡಬು, ಶೇಂಗಾ ಹೋಳಿಗೆ, ಗುರೆಳ್ಳು ಚಟ್ನಿ, ಮೊಸರು ಬುತ್ತಿ. ಟೆಂಪೋ ತೆಗ್ಗಿನಲ್ಲಿ ಕುಣಿದಾಗ ನಾನು ಫ್ಲೆಕ್ಸನ್ನು ಎದೆಗವಚಿಕೊಂಡೆ. "ಸಾವಕಾಶ ಹಿಡೀರಿ" ಎಂದಳು ಹೆಂಡತಿ, "ಸಾಹೇಬ್ರಿಗೆ ಎಲ್ಲಾರ ಉಳುಕೀತು."

ಹೆಂಗಸರು ಒಳಗೆ ಕಾರ್ಯಕ್ಕೆ ಹೋದರು. ನಾನು ಟೆಂಪೋದ ಡ್ರೈವರನ ಸಹಾಯದಿಂದ ಫ್ಲೆಕ್ಸನ್ನು ಬೀಗರ ಬಾಗಿಲಿನ ಎದುರಿಗೇ, ಎರಡು ಬೇವಿನ ಮರಗಳ ನಡುವೆ ಕಟ್ಟಿಸಿದೆ. ಬೀಗರು ನೋಡಿದರು. ಧಣಿಗಳ ಅಭಿಮಾನಿಯ ಅಂಗಳದಲ್ಲಿ ಸಾಹೇಬರು ಕೈಮುಗಿದು ನಿಂತದ್ದನ್ನು ಕಂಡು ಅವರ ಮೀಸೆ ಒಮ್ಮೆ ಅಲುಗಿತು, ಅಷ್ಟೆ. "ಬರ್ರಿ ಬೀಗರ, ಊಟಕ್ಕ ಕೂಡ್ರಿ" ಎಂದರು. ಆ ದಿನ ಅವರು ನನಗಿಂತ ದೊಡ್ಡ ಮನುಷ್ಯರಾಗಿದ್ದರು. ಅದು ಕಾಣದಷ್ಟು ನನ್ನ ಕಣ್ಣಿಗೂ ಮಂಜು ಕವಿದಿತ್ತು.

ಗಂಡಸರ ಪಂಕ್ತಿ ನಡೆದಿತ್ತು. ಆಗ ಬೀಗರ ಸೋದರತ್ತೆ, ಎಲ್ಲರೂ ಆಯಿ ಎನ್ನುವ ಮುದುಕಿ, ಕೋಲೂರಿಕೊಂಡು ಹೊರಗೆ ಬಂದು ಫ್ಲೆಕ್ಸಿನ ಮುಂದೆ ನಿಂತಳು. ಕುಬಸದ ಮನೆ, ಬಾಗಿಲಿಗೆ ಫೋಟೋ, ಅಂದ ಮೇಲೆ ಬಸುರಿಯದೇ ಇರಬೇಕು ಎಂದು ಅವಳ ಎಣಿಕೆ. ಕೈಯನ್ನು ಹಣೆಗೆ ಅಡ್ಡ ಹಿಡಿದು, ಸಾಹೇಬರ ಹೊಟ್ಟೆಯ ನೇರಕ್ಕೆ ಮುಖ ಒಯ್ದು ನೋಡಿದಳು.

"ಯವ್ವಾ! ಹೊಟ್ಟಿ ಎಷ್ಟ ಮುಂದ ಬಂದೈತಿ! ಎಷ್ಟ ತಿಂಗಳಾಗೇತಿ ಈಕಿಗೆ?"

ಪಂಕ್ತಿಯಲ್ಲಿ ಒಬ್ಬನ ಬಾಯಿಂದ ಸಾರು ಹೊರಗೆ ಬಂತು. ಬಡಿಸುವವರು ಪಾತ್ರೆ ಕೆಳಗಿಟ್ಟು ನಕ್ಕರು. ನನ್ನ ಕಡೆಯ ಹೆಂಗಸರೇ ಕಿಟಕಿಯಲ್ಲಿ ನಿಂತು ಸೆರಗು ಬಾಯಿಗೆ ಹಿಡಿದರು.

"ಅತ್ತಿ, ಅವರು ನಮ್ಮ ಬೀಗರ ಸಾಹೇಬ್ರು" ಎಂದರು ಬೀಗರು. "ಅವರಿಗೆ ತಿಂಗಳ ಲೆಕ್ಕ ಇಲ್ಲ. ಐದ ವರ್ಷಕ್ಕೊಮ್ಮೆ." ನಗೆ ಇನ್ನೂ ಹೆಚ್ಚಾಯಿತು. ನನ್ನ ಮುಖ ಕಂಡು ಅವರೇ ನನಗೆ ದಾರಿ ಮಾಡಿಕೊಟ್ಟರು. "ಸಿಟ್ಟಾಗಬ್ಯಾಡ್ರಿ ಬೀಗರ. ನಮ್ಮ ಧಣ್ಯಾರ ಹೊಟ್ಟಿ ಇದಕ್ಕಿಂತ ದೊಡ್ಡದು. ಅವರಿಗೆ ಅವಳಿ-ಜವಳಿ ಇರಬೇಕು!"

ನಕ್ಕುಬಿಡಬಹುದಿತ್ತು. ನಕ್ಕಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಸಾಹೇಬರು ಖುದ್ದಾಗಿ ಅಲ್ಲಿದ್ದರೆ ಅವರೂ ನಗುತ್ತಿದ್ದರೋ ಏನೋ, ವೋಟಿನ ಸಲುವಾಗಿಯಾದರೂ. ನಾನು ಎದ್ದು ನಿಂತೆ. "ನಮ್ಮ ಸಾಹೇಬ್ರ ಮಾನ ಕಳಿಯೋ ಮನ್ಯಾಗ ನಾವು ಒಂದ ತುತ್ತೂ ಮುಟ್ಟಂಗಿಲ್ಲ!" ಎಂದು ಕೂಗಿದೆ. ಆಗಲೇ ಎರಡು ಹೋಳಿಗೆ ಒಳಗೆ ಹೋಗಿದ್ದವು, ಅವುಗಳ ವಿಷಯ ಎತ್ತಲಿಲ್ಲ. ಬೀಗರು ನನ್ನ ಕೈ ಹಿಡಿಯಲು ಬಂದರು. ಕೊಸರಿಕೊಂಡು, "ಉಳ್ಳಾಗಡ್ಡಿ ಮಾರೋ ಮಂದಿಗೆ ದೊಡ್ಡವರ ಬೆಲಿ ಏನ ಗೊತ್ತಾದೀತು? ಈ ಮನೆತನಕ್ಕ ಹೆಣ್ಣ ಕೊಟ್ಟದ್ದ ನಂದ ತಪ್ಪು" ಎಂದುಬಿಟ್ಟೆ.

ನಗೆ ನಿಂತಿತು. ಬೀಗರು ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. "ನನಗ ಬೈರಿ, ಬೀಗರ" ಎಂದರು ಮೆಲ್ಲಗೆ. "ಮನೆತನದ ಮಾತು ಬ್ಯಾಡ್ರಿ. ಒಳಗ ನಿಮ್ಮ ಮಗಳು ಕುಂತಾಳ."

ನಾನು ಅಲ್ಲಿಗೂ ನಿಲ್ಲಲಿಲ್ಲ. ಇನ್ನೂ ಬಿಚ್ಚದೆ ಇದ್ದ ಬುತ್ತಿಯ ಬುಟ್ಟಿಗಳನ್ನು ಟೆಂಪೋಕ್ಕೆ ಏರಿಸಲು ಹೇಳಿದೆ. ಕುಬಸಕ್ಕೆ ತಂದ ಬುತ್ತಿಯನ್ನು ಹೊರಳಿ ಒಯ್ಯುವುದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ, ಕೇಳಿರಲಿಲ್ಲ. ನಮ್ಮ ಕಡೆ ಬಸುರಿಯ ಬಾಯಿಯ ತುತ್ತು ಕಸಿಯುವುದಕ್ಕಿಂತ ಕೆಟ್ಟ ಕೆಲಸ ಇಲ್ಲ. ನಾನು ಅದನ್ನು ಪಕ್ಷನಿಷ್ಠೆ ಎಂದುಕೊಂಡೆ.

ಮಗಳು ಹೊಸ್ತಿಲಿಗೆ ಬಂದಳು. ಹಸಿರು ಸೀರೆ, ಮೊಣಕೈವರೆಗೆ ಬಳೆ, ಮಲ್ಲಿಗೆ ದಂಡೆ. ಮುಖದ ಮೇಲೆ ಅರಿಷಿಣ.

"ನಡೀಯವ್ವಾ" ಎಂದೆ. "ಮನಿಗೆ ಹೋಗೂಣು."

"ನಾ ಬರೂದಿಲ್ಲ."

"ಯಾಕ? ಹೆರಿಗಿಗೆ ತವರಿಗೆ ಬರಬೇಕಲಾ ನೀನು?"

"ಆ ಮನ್ಯಾಗ ನನಗ ಜಾಗಾ ಎಲ್ಲೈತಪಾ?" ಎಂದಳು. ಫ್ಲೆಕ್ಸಿನ ಮೂಲೆಯ ಕಡೆ ಕೈ ತೋರಿಸಿದಳು. "ನೀನ ಅಳತಿ ಮಾಡಿ ಕೊಟ್ಟೀಯಲ್ಲ, ನೋಡು. ಇಷ್ಟ."

ಅಳಿಯ ಅವಳ ಹಿಂದೆ ನಿಂತಿದ್ದ. ಹೆಂಡತಿ ಮಗಳ ಕೈ ಹಿಡಿದು ಏನೋ ಹೇಳಿ, ಟೆಂಪೋ ಹತ್ತಿ, ಬುಟ್ಟಿಗಳ ನಡುವೆ ಕುಳಿತಳು. ಹುಬ್ಬಳ್ಳಿ ಹತ್ತಿರ ಬಂದಾಗ ನನಗೆ ನೆನಪಾಯಿತು. ಫ್ಲೆಕ್ಸ್ ಅಲ್ಲೇ ಉಳಿದಿತ್ತು. ಯಾರ ಮಾನ ಕಾಯಲು ಮಗಳನ್ನು ಬಿಟ್ಟು ಬಂದೆನೋ ಅವರನ್ನೂ ಅಲ್ಲೇ ಬಿಟ್ಟು ಬಂದಿದ್ದೆ.

ಮರುದಿನದಿಂದ ಹೆಂಡತಿ ನನಗೆ ಅಡಿಗೆ ಮಾಡಲಿಲ್ಲ. ಊಟದ ಹೊತ್ತಿಗೆ ಆ ಬುತ್ತಿಯನ್ನೇ ತಟ್ಟೆಗೆ ಹಾಕಿ ನನ್ನ ಮುಂದೆ ಇಡುತ್ತಿದ್ದಳು. ಬೈಯಲಿಲ್ಲ, ಅಳಲಿಲ್ಲ. "ಉಣ್ರಿ. ಮಾನ ಕಾದು ದಣದೀರಿ." ಮೊಸರು ಬುತ್ತಿ ಮೊದಲು ತೀರಿತು, ಆಮೇಲೆ ಕಡಬು, ಹೋಳಿಗೆ. ಕಟಿರೊಟ್ಟಿ ಮಾತ್ರ ಕೆಡುವುದಿಲ್ಲ. ಅದು ಅದರ ದೊಡ್ಡ ಗುಣ. ಕಟಕಟ ಎನ್ನುತ್ತ ಎಷ್ಟು ದಿನ ತಿಂದರೂ ಮುಗಿಯಲಿಲ್ಲ. ಹಲ್ಲಿಲ್ಲದ ಕಡೆ ಚುಚ್ಚುತ್ತಿತ್ತು. ಗೋಡೆಯ ಮೇಲಿಂದ ಸಾಹೇಬರು ಕ್ಯಾಮೆರಾ ನೋಡುತ್ತಿದ್ದರು.

ಓಣಿಯಲ್ಲಿ ಮಾತ್ರ ನನ್ನ ಬೆಲೆ ಏರಿತು. ಬೀಗರ ಮನೆಯ ಊಟ ಬಿಟ್ಟು ಎದ್ದು ಬಂದ ಸುದ್ದಿ ಕೇಳಿ ಕಮಿಟಿಯ ಹುಡುಗರು ಚಹಾದಂಗಡಿಯ ಮುಂದೆ ನನಗೆ ಶಾಲು ಹೊದಿಸಿದರು. "ಕಾಕಾ ಅಂದ್ರ ಹಿಂಗಿರಬೇಕು! ಸಂಬಂಧ ಹೋದ್ರೂ ಅಡ್ಡಿಲ್ಲ, ಸಾಹೇಬ್ರನ್ನ ಬಿಟ್ಟಕೊಡಲಿಲ್ಲ!" ಎಂದು ಒಬ್ಬ ಭಾಷಣ ಮಾಡಿದ. ನಾನು ಕೈಮುಗಿದು ನಿಂತೆ, ಥೇಟ್ ಫ್ಲೆಕ್ಸಿನಲ್ಲಿ ನಿಲ್ಲುವ ಹಾಗೆ. ಇದನ್ನು ಹೇಳಲು ನಾಚಿಕೆ, ಆದರೆ ನಿಜ. ಆ ಹೊತ್ತಿನಲ್ಲಿ ನನಗೆ ಹಿತವೆನಿಸಿತ್ತು.

ಮಗಳು ಅವ್ವನಿಗೆ ಫೋನ್ ಮಾಡುತ್ತಿದ್ದಳು. ಹೆಂಡತಿ ಫೋನ್ ಎತ್ತಿಕೊಂಡು ಹಿತ್ತಲಿಗೆ ಹೋಗುತ್ತಿದ್ದಳು. ನಾನು ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದೆ. "ಕಾಲ ಬಾತಾವೇನು? ನೀರ ಕುಡಿ. ಭಾರ ಎತ್ತಬ್ಯಾಡ. ಆಯಿಗೆ ಕಣ್ಣ ಕಾಣಂಗಿಲ್ಲ, ನೀನ ನೋಡಿ ಮಾಡು." ಒಂದು ಫೋನ್ ಮಾಡಿ ತಪ್ಪಾಯಿತು ಎಂದಿದ್ದರೆ ಮುಗಿಯುತ್ತಿತ್ತು. ಬೀಗರು ಮೊದಲು ಸಾಹೇಬರ ಕ್ಷಮೆ ಕೇಳಲಿ ಎಂದು ನಾನು ಕಾಯುತ್ತಿದ್ದೆ. ಸಾಹೇಬರಿಗೆ ಈ ವಿಷಯವೇ ಗೊತ್ತಿರಲಿಲ್ಲ ಎಂಬುದು ನನಗೆ ಅಡ್ಡಿಯೆನಿಸಲಿಲ್ಲ.

ದಸರೆ ಬಂತು. ಬನ್ನಿಯೆಲೆಯನ್ನು ಬಂಗಾರವೆಂದು ಕೊಟ್ಟು ಹಳೆಯ ಸಿಟ್ಟು ಮರೆಯುವ ದಿನ ಬೆಳಿಗ್ಗೆ ಹೆಂಡತಿ ಕೌದಿಯನ್ನು ಗಂಟು ಕಟ್ಟಿ, ಅರಿವೆ ಚೀಲ ತುಂಬಿ ಹೊರಟು ನಿಂತಳು.

"ಶಿರಗುಪ್ಪಿಗೆ ಹೊಂಟೇನಿ. ಮಗಳಿಗೆ ದಿನಾ ತುಂಬ್ಯಾವು. ಬಾಣಂತನ ಅಲ್ಲೇ ಮಾಡ್ತೇನಿ."

"ಬೀಗರ ಮನ್ಯಾಗ ಹೋಗಿ ಇರ್ತೀಯೇನು? ಮಂದಿ ಏನಂದಾರು?"

"ಮಂದೀದು ಬಿಡ್ರಿ. ಸಾಹೇಬ್ರು ಏನಂದಾರು ಅನ್ನೂದನ್ನ ನೋಡ್ರಿ. ಇವತ್ತಿಂದ ನಿಮ್ಮ ಅಡಗಿ ಅವರ ಮಾಡ್ತಾರ."

ಅವಳು ಹೋದ ಮೇಲೆ ಮನೆಯ ಸದ್ದಡಗಿತು. ನೆಲದ ಮೇಲೆ ಕೌದಿ ಹೊಲಿದ ಕೆಂಪು ದಾರದ ತುಂಡೊಂದು ಬಿದ್ದಿತ್ತು. ನನಗೊಂದು ಉಪಾಯ ಹೊಳೆಯಿತು. ಸಾಹೇಬರ ಮನೆಯಲ್ಲಿ ಆ ದಿನ ಬನ್ನಿ ಕೊಡುವ ಕಾರ್ಯಕ್ರಮ. ಅವರಿಗೆ ನನ್ನ ತ್ಯಾಗದ ಕತೆ ಹೇಳಿ, ಬೀಗರಿಗೊಂದು ಫೋನ್ ಮಾಡಿಸಿದರೆ? ಸಾಹೇಬರೇ ಮಾತಾಡಿದರೆ ನಾನು ತಲೆ ತಗ್ಗಿಸುವುದು ತಪ್ಪುತ್ತದೆ, ಮಗಳೂ ಮನೆಗೆ ಬರುತ್ತಾಳೆ. ಬನ್ನಿಯ ಟಿಸಿಲು ತಂದು, ಆ ಕೆಂಪು ದಾರದಿಂದ ಕಟ್ಟಿಕೊಂಡು ಹೊರಟೆ.

ಸಾಲು ಗೇಟಿನ ಆಚೆಗೂ ಹೋಗಿತ್ತು. ಬಿಸಿಲಲ್ಲಿ ನಿಂತು ನಿಂತು ಕೊನೆಗೆ ಸಾಹೇಬರ ಮುಂದೆ ಬಂದೆ. ಬನ್ನಿ ಕೊಟ್ಟು ಕಾಲಿಗೆ ಬಿದ್ದೆ. "ಸಾಹೇಬ್ರ, ನಿಮ್ಮ ಸಲುವಾಗಿ ನಾ ಮಗಳ ಕುಬಸದಾಗ ಊಟಾ ಬಿಟ್ಟ ಎದ್ದ ಬಂದೇನ್ರಿ. ಬೀಗತನ ಮುರದೈತ್ರಿ. ನೀವೊಂದ ಮಾತು..."

ಭುಜದ ಮೇಲೆ ಕೈ ಬಂತು. "ಆರಾಮ ಇದ್ದೀರೇನ್ರಿ?"

ಕೈ ಹೋಯಿತು. ಹಿಂದಿದ್ದವನ ಭುಜದ ಮೇಲೆ ಕೂತಿತು. "ಆರಾಮ ಇದ್ದೀರೇನ್ರಿ?" ಅದೇ ರಾಗ, ಅದೇ ನಗೆ.

ನಾನು ಕೊಟ್ಟ ಬನ್ನಿಯನ್ನು ಸಾಹೇಬರು ನೋಡದೆ ಬದಿಯ ಬುಟ್ಟಿಗೆ ಹಾಕಿದ್ದರು. ಬುಟ್ಟಿಯ ಹತ್ತಿರ ನಿಂತಿದ್ದ ಸಹಾಯಕ ಮೇಲಿದ್ದುದನ್ನು ಎತ್ತಿ ಮತ್ತೆ ಅವರ ಕೈಗೆ ಕೊಟ್ಟ. ಅವರು ಅದನ್ನು ನನ್ನ ಹಿಂದಿನವನಿಗೆ ಕೊಟ್ಟರು. "ಬಂಗಾರ ತೊಗೊಂಡು ಬಂಗಾರದಂಗ ಇರೂಣು" ಎಂಬ ಮಾತನ್ನು ಅವರ ಪರವಾಗಿ ಸಹಾಯಕನೇ ಅನ್ನುತ್ತಿದ್ದ. ಕೆಂಪು ದಾರ ಕಂಡು ನಾನು ಆ ಮನುಷ್ಯನ ತೋಳು ಹಿಡಿದೆ.

"ಅದು ನಂದ್ರಿ. ಈಗ ನಾ ಕೊಟ್ಟದ್ದು."

"ಹುಚ್ಚ ಹಿಡದೈತೇನ್ರಿ ಹಿರ್ಯಾರ? ಸಾಹೇಬ್ರು ಕೈಯಾರೆ ಕೊಟ್ಟಾರ ನನಗ!" ಎಂದು ಅವನು ಬನ್ನಿಯನ್ನು ಎರಡೂ ಕಣ್ಣಿಗೆ ಒತ್ತಿಕೊಂಡ. ಅವನ ಕಣ್ಣಲ್ಲಿ ನೀರಿತ್ತು. ಆ ನೀರಿನ ಪರಿಚಯ ನನಗೆ ಚೆನ್ನಾಗಿ ಇತ್ತು. ತೋಳು ಬಿಟ್ಟೆ.

ಅಲ್ಲಿಂದ ನೇರವಾಗಿ ಬಸ್ ಹತ್ತಿದೆ. ಕಂಡಕ್ಟರ್ ಹುಡುಗ ಟಿಕೆಟಿನ ಜೊತೆ ಎಲ್ಲರಿಗೂ ಒಂದೊಂದು ಎಸಳು ಬನ್ನಿ ಕೊಡುತ್ತ ಬಂದ. "ತೊಗೋರಿ ಅಜ್ಜಾರ, ಬಂಗಾರ." ನನ್ನ ಪಕ್ಷ ಕೇಳಲಿಲ್ಲ. ನಾನೂ ಬ್ಯಾಗು ಹೊತ್ತಿದ್ದ ಕಾಲದಲ್ಲಿ ಕೇಳಿರಲಿಲ್ಲ. ಅದನ್ನು ಅಂಗೈಯಲ್ಲಿ ಮುಚ್ಚಿಕೊಂಡು ಶಿರಗುಪ್ಪಿಯಲ್ಲಿ ಇಳಿದೆ.

ಬೀಗರು ಅಂಗಳದಲ್ಲಿ ಉಳ್ಳಾಗಡ್ಡಿಯ ರಾಶಿಯ ಹತ್ತಿರ ಕುಳಿತಿದ್ದರು. ರಾಶಿಯ ಮೇಲೆ ಫ್ಲೆಕ್ಸ್ ಹೊದಿಸಿತ್ತು. ಸಾಹೇಬರು ಮುಗಿಲಿಗೆ ಮುಖ ಮಾಡಿ ಕೈಮುಗಿದು ಮಲಗಿದ್ದರು, ಹೊಟ್ಟೆಯ ಮೇಲೆ ಮಳೆಯ ನೀರು ನಿಂತಿತ್ತು.

"ಬರ್ರಿ ಬೀಗರ" ಎಂದರು. "ನಿಮ್ಮ ಸಾಹೇಬ್ರನ್ನ ನೋಡಾಕ ಬಂದ್ರೇನು? ನಾಕ ದಿನದ ಮಳ್ಯಾಗ ನಮ್ಮ ಉಳ್ಳಾಗಡ್ಡಿ ಉಳಿಸ್ಯಾರ. ಸುಳ್ಳ ಯಾಕ ಹೇಳ್ಲಿ, ನಮ್ಮೂರಿಗೆ ಅವರು ಮಾಡಿದ ಮೊದಲನೇ ಕೆಲಸ. ನಮ್ಮ ಧಣ್ಯಾರದು ಹೊದಿಸಿದ್ದೆ, ಅದು ಸೋರತಿತ್ತು."

ಬನ್ನಿ ಕೊಟ್ಟು ಮಾತಾಡಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡದ್ದೆಲ್ಲ ಮರೆತುಹೋಯಿತು. ಎಸಳನ್ನು ಅವರ ಕೈಯಲ್ಲಿಟ್ಟು ಬಗ್ಗಿದೆ. ಅವರು ನನಗಿಂತ ಸಣ್ಣವರು, ಗಡಬಡಿಸಿ ನನ್ನ ತೋಳು ಹಿಡಿದರು. "ಏನ್ರಿ ಇದು! ದೊಡ್ಡವರು ಕಾಲ ಹಿಡೀತೀರೇನ್ರಿ?"

"ರೂಢಿ ಆಗೇತ್ರಿ" ಎಂದೆ. "ಇವತ್ತ ಒಮ್ಮೆ ಬ್ಯಾರೆ ಕಡೆ ಬಗ್ಗಿ ಬಂದೇನಿ. ಅದು ಸುಮ್ಮನ ಬಗ್ಗಿದ್ದು, ಇದು ಖರೇ."

ಅವರು ಬನ್ನಿಯನ್ನು ಅಂಗೈಯಲ್ಲಿ ಹೊರಳಿಸಿ ನೋಡಿದರು. "ಮನೆತನದ ಮಾತು ನಾ ಮರತಿಲ್ರಿ. ಮರೀತೇನಿ ಅಂತ ಸುಳ್ಳ ಹೇಳಂಗಿಲ್ಲ. ಬಂಗಾರ ತೊಗೋತೇನಿ." ಆಮೇಲೆ ದನಿ ತಗ್ಗಿಸಿ, "ನನಗೂ ಒಬ್ಬ ತಮ್ಮ ಅದಾನ, ಬಾಜೂ ಓಣ್ಯಾಗ. ನಿಮ್ಮ ಸಾಹೇಬ್ರ ಕಡೆ. ನಾ ಈ ಸಲ ಅವನ ಮನಿಗೆ ಬಂಗಾರ ಕೊಡಾಕ ಹೋಗಿಲ್ಲ. ನಿಮಗ ಬೈಯ್ಯಾಕ ನನಗೂ ಬಾಯಿಲ್ಲ" ಎಂದರು.

ಒಳಗೆ ಮಗಳು ಗೋಡೆಗೆ ಒರಗಿ ಕಾಲು ಚಾಚಿ ಕುಳಿತಿದ್ದಳು, ಹೆಂಡತಿ ಅವಳ ಪಾದಕ್ಕೆ ಎಣ್ಣೆ ತಿಕ್ಕುತ್ತಿದ್ದಳು. ಪಾದಗಳು ಬಾತಿದ್ದವು. ನಾನು ಬಾಗಿಲಲ್ಲೇ ನಿಂತೆ. ಮಗಳು ತಲೆಯೆತ್ತಿ ನೋಡಿದಳು.

"ನನ್ನ ಬುತ್ತಿ ಏನ ಮಾಡಿದಿ, ಅಪ್ಪಾ?"

"ತಿಂದೆ."

"ಎಲ್ಲಾ?"

"ಎಲ್ಲಾ. ನಿಮ್ಮವ್ವ ಬ್ಯಾರೆ ಏನೂ ಹಾಕಲಿಲ್ಲ."

ಅವಳಿಗೆ ನಗೆ ಬಂತು. ಅರ್ಧಕ್ಕೇ ನಿಂತಿತು. "ಕಟಿರೊಟ್ಟಿ ಭಾಳ ಬೇಕನಿಸಿತ್ತು ನನಗ" ಎಂದಳು. "ಅವ್ವನ ಕೈದು. ಅವತ್ತ ಬೆಳಿಗ್ಗಿಂದ ಏನೂ ತಿಂದಿರಲಿಲ್ಲ, ಬುತ್ತಿ ಬರ್ತೈತಿ ಅಂತ."

ಗುಂಪಿನ ಮುಂದೆ ಸಾಹೇಬರ ಪರವಾಗಿ ಬಾಯಿಗೆ ಬಂದದ್ದನ್ನು ಕೂಗಿದವನಿಗೆ ಆಗ ಸಿಕ್ಕಿದ್ದು ಒಂದೇ ಮಾತು. ತಪ್ಪಾಯಿತು ಎಂದೆ. ಅದು ಸಾಲದೆಂದು ನನಗೇ ಗೊತ್ತಿತ್ತು. ಮನೆಗೆ ನಡಿ ಎಂದು ಕೇಳಿದೆ. ಡಾಕ್ಟರು ಓಡಾಟ ಬೇಡ ಎಂದಿದ್ದಾರೆ, ಇನ್ನು ಆಗದು ಎಂದಳು. ಸಿಟ್ಟಿನಿಂದಲ್ಲ. ಹೊತ್ತು ಮೀರಿದ್ದನ್ನು ಹೇಳುವ ಹಾಗೆ ಹೇಳಿದಳು.

ಹೆರಿಗೆ ಹುಬ್ಬಳ್ಳಿಯ ದವಾಖಾನೆಯಲ್ಲಿ ಆಯಿತು. ಹೆಣ್ಣು ಕೂಸು. ತಾಯಿ, ಮಗು ಅಲ್ಲಿಂದ ಶಿರಗುಪ್ಪಿಗೇ ಹೋದರು. ಗೋಪನಕೊಪ್ಪದ ತಿರುವು ದಾಟಿಯೇ ಗಾಡಿ ಹೋಯಿತಂತೆ. ನನ್ನ ಹೆಂಡತಿ ಬೀಗರ ಮನೆಯಲ್ಲಿದ್ದು ನೀರು ಕಾಸಿದಳು, ಬಾಣಂತಿಗೆ ಬೇಯಿಸಿ ಹಾಕಿದಳು. ಸ್ವಂತ ಮನೆಯಲ್ಲಿ ರಾಣಿಯ ಹಾಗೆ ಮಾಡಬೇಕಾದ ಬಾಣಂತನವನ್ನು ಆ ಮನೆಯಲ್ಲಿ ಕೇಳಿ ಕೇಳಿ ಮಾಡಿದಳು. ಎಣ್ಣೆ ಎಲ್ಲೈತಿ, ಕಟಗಿ ಎಲ್ಲದಾವು, ಬೆಲ್ಲ ತೊಗೋಲೇನು. ಒಂದು ಸಲವೂ ನನ್ನನ್ನು ದೂರಲಿಲ್ಲ. ಚೊಚ್ಚಲ ಬಾಣಂತನ ಇನ್ನೊಮ್ಮೆ ಬರುವುದಿಲ್ಲ.

ನಾನು ಗೋಡೆಯ ಮೇಲಿನ ಸಾಹೇಬರನ್ನು ಇಳಿಸಿ, ಅಪ್ಪ ಅವ್ವನನ್ನು ಮೊಳೆಗೆ ಹಾಕಿದೆ. ಫ್ರಿಜ್ಜಿನ ಮೇಲೆ ಇದ್ದು ಅವರ ಗಾಜಿಗೆ ಒಗ್ಗರಣೆಯ ಜಿಡ್ಡು ಹಿಡಿದಿತ್ತು, ಸೋಪು ಹಾಕಿ ಒರೆಸಿದೆ. ಸಾಹೇಬರನ್ನು ಎಸೆದೆ ಎಂದು ಬರೆದರೆ ಚೆನ್ನಾಗಿರುತ್ತದೆ. ಎಸೆಯಲಿಲ್ಲ. ಜೋಳದ ಡಬ್ಬಿಯ ಹಿಂದೆ ಇಟ್ಟೆ.

ತೊಟ್ಟಿಲ ಕಾರ್ಯ ಮುಗಿದು ಬಹಳ ದಿನಗಳ ಮೇಲೆ ಮಗಳು ಕೂಸನ್ನು ಎತ್ತಿಕೊಂಡು ಮೊದಲ ಸಲ ನಮ್ಮ ಮನೆಗೆ ಬಂದಳು. ಹೊಸ್ತಿಲಲ್ಲಿ ನಿಂತು ಮೊದಲು ಗೋಡೆ ನೋಡಿದಳು. ಒಳಗೆ ಬಂದು ಕೂಸನ್ನು ನನಗೆ ಕೊಟ್ಟಳು.

ಈಗ ಮತ್ತೆ ಚುನಾವಣೆಯ ಗಾಳಿ. ಮೊನ್ನೆ ಮಗಳು ಬಂದಿದ್ದಾಗ ಓಣಿಯಲ್ಲಿ ಡೊಳ್ಳು ಕೇಳಿಸಿತು. ಮೊಮ್ಮಗಳು ನನ್ನ ಬಲಭುಜದ ಮೇಲೆ ಗಲ್ಲ ಒತ್ತಿ ನಿದ್ದೆ ಮಾಡಿದ್ದಳು. ಕಮಿಟಿಯ ಹುಡುಗರು ಬಾಗಿಲಿಗೆ ಬಂದರು.

"ಕಾಕಾ, ಲಗೂ ಬರ್ರಿ! ಸಾಹೇಬ್ರು ತಿರುವಿನ್ಯಾಗ ಅದಾರ. ನಿಮ್ಮನ್ನ ಕೇಳಾಕತ್ತಾರ!"

ಸಾಹೇಬರು ನನ್ನನ್ನು ಕೇಳುತ್ತಿಲ್ಲ ಎಂದು ನನಗೆ ಗೊತ್ತು. ಇಷ್ಟೆಲ್ಲ ಆದ ಮೇಲೆ ಗೊತ್ತಿರಲೇಬೇಕು. ಆದರೆ ನನ್ನ ಕಾಲಿಗೆ ಗೊತ್ತಿರಲಿಲ್ಲ. ಅದು ತಾನಾಗಿ ಹೊಸ್ತಿಲವರೆಗೆ ಹೋಗಿ ನಿಂತಿತ್ತು, ಎಡಗೈ ಅಂಗಿಯ ಸುಕ್ಕು ಸರಿಮಾಡುತ್ತಿತ್ತು. ಅಷ್ಟರಲ್ಲಿ ಕೂಸು ಎಚ್ಚರಾಗಿ, ಕುಡಿದ ಹಾಲನ್ನೆಲ್ಲ ನನ್ನ ಭುಜದ ಮೇಲೆ ಕಕ್ಕಿತು. ಬೆಚ್ಚಗೆ ಬೆನ್ನಿನವರೆಗೆ ಇಳಿಯಿತು.

"ಇವತ್ತ ಆಗಂಗಿಲ್ರಪಾ" ಎಂದೆ. "ಭುಜ ಖಾಲಿ ಇಲ್ಲ."

ಹುಡುಗರು ಹೋದರು. ನಾನು ಒಳ್ಳೆಯ ಮಾತು ಆಡಿದೆನೆಂಬ ಸಂತೋಷದಲ್ಲಿ ತಿರುಗಿದೆ. ಮಗಳು ಅರಿವೆ ತಂದು ಕೂಸಿನ ಬಾಯಿ ಒರೆಸಿದಳು, ಆಮೇಲೆ ನನ್ನ ಭುಜ ಒರೆಸುತ್ತ ಮೆಲ್ಲಗೆ ಕೇಳಿದಳು.

"ಹಂಗಾದ್ರ ಬಾಗಿಲತನಕ ಯಾಕ ಹೋದಿ, ಅಪ್ಪಾ?"

ಸಾಹೇಬರು ಕೇಳಿ ಮುಂದೆ ಹೋಗುತ್ತಿದ್ದರು. ಅವಳು ಮಾತ್ರ ಉತ್ತರಕ್ಕಾಗಿ ಕಾಯುತ್ತ ನಿಂತಿದ್ದಳು.